ಕಲಾಯಿ ಮನೆಯ ಸ್ವರ

ನಮ್ಮೂರಿನಲ್ಲಿ ಸಂಜೆ ದೀಪ ಹಚ್ಚುವ ಮೊದಲು ಮನೆಯಾಕೆ ಪಿಯಾನೊದ ಮುಂದೆ ಕೂತು ಮನೆಯ ಸ್ವರವನ್ನು ಒಮ್ಮೆ ನುಡಿಸುತ್ತಾಳೆ. ಒಂದೇ ಸ್ವರ. ಅದು ಪೂರ್ತಿ ಅಡಗುವ ತನಕ ಕೈಮುಗಿದು ಕೂರುವುದು, ಆಮೇಲೆ ದೀಪ. ಪಿಯಾನೊ ಇಲ್ಲದ ಮನೆ ನಮ್ಮಲ್ಲಿಲ್ಲ. ದೇವರ ಗೂಡಿನ ಪಕ್ಕದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಮೇಲೊಂದು ಮಡಿಬಟ್ಟೆ ಹೊದ್ದುಕೊಂಡು, ಮನೆಯ ಹಿರಿಯಳ ಹಾಗೆ ಅದು ನಿಂತಿರುತ್ತದೆ. ಒಂದೊಂದು ಮನೆಗೆ ಒಂದೊಂದು ಸ್ವರ. ಯಾವ ಎರಡು ಮನೆಗೂ ಒಂದೇ ಇಲ್ಲ. ನಡಿಗೆಯ ಸಪ್ಪಳದಿಂದ ಅಪ್ಪನನ್ನು ಗುರುತಿಸುವ ಹಾಗೆ ನಮ್ಮ ಮಕ್ಕಳು ಗಾಳಿಯಲ್ಲಿ ಬಂದ ಸ್ವರ ಕೇಳಿ, ಇದು ಗಾಣದ ಮನೆಯದು, ಇದು ಹೂವಾಡಿಗರದು ಎಂದು ಹೇಳಿಬಿಡುತ್ತಾರೆ.

ಆ ತಂತಿಗಳಿಗೊಂದು ಗುಣವುಂಟು. ಮನೆಯಲ್ಲಿರುವ ಯಾರದಾದರೂ ಮನಸ್ಸು ಇನ್ನೊಂದು ಮನೆಯ ಮೇಲೆ ಹೋಗಿ ಕೂತು, ಎಬ್ಬಿಸಿದರೂ ಏಳದಿದ್ದರೆ, ಈ ಮನೆಯ ತಂತಿ ಮೆಲ್ಲಗೆ ಆ ಮನೆಯ ಸ್ವರದ ಕಡೆಗೆ ವಾಲುತ್ತದೆ. ಮದುವೆ ಗೊತ್ತಾದ ಹುಡುಗಿಯ ಮನೆಯ ಪಿಯಾನೊ ಗಂಡಿನ ಮನೆಯ ಕಡೆ ವಾಲಿತೆಂದರೆ ಹೆತ್ತವರಿಗೆ ಸಮಾಧಾನ. ಮದುವೆ ಗೊತ್ತಾಗದ ಹುಡುಗಿಯದು ವಾಲಿದರೆ ಅದು ಬೇರೆ ಮಾತು. ಬೇಲಿಯ ವಿಷಯಕ್ಕೆ ಮಾತು ಬಿಟ್ಟ ಅಣ್ಣತಮ್ಮಂದಿರಿಬ್ಬರ ಪಿಯಾನೊಗಳು ಒಂದರ ಕಡೆಗೊಂದು ವಾಲಿ ವಾಲಿ, ಕಡೆಗೆ ಅಣ್ಣನ ಮನೆಯಲ್ಲಿ ತಮ್ಮನ ಸ್ವರ, ತಮ್ಮನ ಮನೆಯಲ್ಲಿ ಅಣ್ಣನ ಸ್ವರ ನುಡಿದದ್ದನ್ನು ಊರೆಲ್ಲ ಕೇಳಿತು. ಪ್ರೀತಿಯಾದರೂ ಸರಿ, ಹಗೆಯಾದರೂ ಸರಿ, ತಂತಿಗೆ ಭೇದವಿಲ್ಲ. ಮನಸ್ಸು ಎಲ್ಲಿದೆ ಎನ್ನುವುದಷ್ಟೇ ಅದಕ್ಕೆ ಗೊತ್ತು, ಯಾಕಿದೆ ಎನ್ನುವುದು ಗೊತ್ತಿಲ್ಲ. ಭಗವಂತ ಅದಕ್ಕೆ ಅಷ್ಟೇ ಕಿವಿ ಕೊಟ್ಟಿದ್ದಾನೆ.

ಇಂಥ ಊರಿನಲ್ಲಿ ನಮ್ಮ ಮನೆಯವರದು ಪಿಯಾನೊ ಶ್ರುತಿ ಮಾಡುವ ಕೆಲಸ. ಊರಿಗೆ ಅವರು ಶ್ರುತಿ ಲಿಂಗಣ್ಣ. ಹೆಗಲಿಗೊಂದು ಚರ್ಮದ ಚೀಲ. ಅದರಲ್ಲಿ ತಂತಿ ಬಿಗಿಯುವ ಬಿರಟೆ ತಿರುಗಿಸಲು ಕಬ್ಬಿಣದ ಹಿಡಿ, ತಂತಿಗಳ ನಡುವೆ ಸಿಕ್ಕಿಸುವ ಉಣ್ಣೆಬಟ್ಟೆಯ ತುಂಡುಗಳು, ಬಿಡಿ ತಂತಿಯ ಸುರುಳಿ. ಒಂದು ಸ್ವರಕ್ಕೆ ಮೂರು ತಂತಿ. ಎರಡನ್ನು ಉಣ್ಣೆಯಿಂದ ಬಾಯಿ ಕಟ್ಟಿ ಒಂದನ್ನು ಸರಿಮಾಡುವುದು, ಆಮೇಲೆ ಎರಡನೆಯದರ ಬಾಯಿ ಬಿಡಿಸಿ ಮೊದಲನೆಯದಕ್ಕೆ ಕೂಡಿಸುವುದು. ಕೂಡದಿದ್ದರೆ ಸ್ವರದೊಳಗೆ ನೀರಲ್ಲಿ ಕಲ್ಲೆಸೆದ ಹಾಗೆ ಅಲೆ ಏಳುತ್ತದೆ. ಬಿರಟೆ ತಿರುಗಿದಂತೆ ಅಲೆ ನಿಧಾನವಾಗುತ್ತ ಬಂದು, ಒಂದು ಗಳಿಗೆಯಲ್ಲಿ ನಿಂತೇ ಹೋಗುತ್ತದೆ. ಆಗ ಮೂರೂ ತಂತಿ ಒಂದೇ ಆಗಿ ನುಡಿಯುವುದನ್ನು ಕೇಳಿದರೆ ಗುಡಿಯಲ್ಲಿ ಪರದೆ ಸರಿದ ಹಾಗೆ ಇರುತ್ತದೆ.

ಆದರೆ ಶ್ರುತಿಯವನು ಮನೆಗೆ ಬಂದನೆಂದರೆ ಆ ಮನೆಯಲ್ಲಿ ಏನೋ ವಾಲಿದೆ ಎಂದೇ ಅರ್ಥವಲ್ಲವೇ? ಅದಕ್ಕೆ ಜನ ಕರೆಯುವುದೇ ಇಲ್ಲ. ದೀಪದ ಹೊತ್ತಿಗೆ ಬೀದಿಯವರು ಮುಖ ಮುಖ ನೋಡಿಕೊಳ್ಳುವಷ್ಟು ಕೆಟ್ಟ ಮೇಲೆ, ಮಧ್ಯಾಹ್ನದ ಊಟದ ನಂತರ ಬೀದಿ ಮಲಗಿರುವಾಗ, ಹಿತ್ತಿಲ ಬಾಗಿಲಿಂದ ಕರೆಸುತ್ತಾರೆ. ಕರೆಸಿ, "ಈ ಸಲ ಮೋಡ ಜಾಸ್ತಿ ಅಲ್ವಾ ಲಿಂಗಣ್ಣ, ತಂಡಿಗೆ ತಂತಿ ಕೆಟ್ಟಿದೆ" ಅನ್ನುತ್ತಾರೆ. ಇವರು, "ಹೌದು, ಮೋಡ ಜಾಸ್ತಿ" ಅನ್ನುತ್ತಾರೆ. ನೆತ್ತಿ ಸುಡುವ ಬಿಸಿಲಿದ್ದರೂ ಅದೇ ಮಾತು. ತಂತಿ ಹೇಳಿದ್ದನ್ನು ಬಾಯಲ್ಲಿ ಹೇಳಬಾರದು ಎನ್ನುವುದು ಆ ಕೆಲಸದ ವ್ರತ. ಬಹಳ ದೂರ ವಾಲಿದ ತಂತಿ ಒಂದೇ ಸಲಕ್ಕೆ ಹಿಂದಕ್ಕೆ ಬರುವುದಿಲ್ಲ. ಮನೆಯವರ ಅವಸರಕ್ಕೆ ಎಳೆದರೆ ಪಟ್ಟೆಂದು ಹರಿಯುತ್ತದೆ. ಎಷ್ಟೋ ಸಂಜೆ ಅವರು ಬೆರಳು ಸೀಳಿಕೊಂಡು ಬಂದಿದ್ದಾರೆ. ನಾನು ಅರಿಸಿನ ಹಚ್ಚುವಾಗ, ಇನ್ನೊಂದು ತಿಂಗಳು ಮುಂಚೆ ಕರೆದಿದ್ದರೆ ಆಗಿತ್ತು ಎಂದು ತಮ್ಮಷ್ಟಕ್ಕೆ ಅಂದುಕೊಳ್ಳುತ್ತಿದ್ದರು. ಯಾರ ಮನೆ, ಏನು ಎತ್ತ, ನಾನು ಕೇಳುತ್ತಿರಲಿಲ್ಲ, ಅವರು ಹೇಳುತ್ತಿರಲಿಲ್ಲ.

ಇಡೀ ಊರಿನಲ್ಲಿ ಒಬ್ಬಳು ಮಾತ್ರ ಇದಕ್ಕೆ ಹೊರತು. ಮಂದಾಕಿನಿ. ತಾಮ್ರ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವವಳು. ಅಪ್ಪನಿಂದ ಬಂದ ಕೆಲಸ. ಅವನು ತೀರಿಕೊಂಡ ಮೇಲೆ ತಿದಿಯನ್ನೂ ಕುಲುಮೆಯನ್ನೂ ಇವಳೇ ಹಿಡಿದಳು. ಮದುವೆಯಾಗಲಿಲ್ಲ, ಯಾಕೆಂದು ಕೇಳಿದವರಿಗೆ, ಪುರುಸೊತ್ತಾಗಲಿಲ್ಲ ಅನ್ನುತ್ತಿದ್ದಳು. ನನಗಿಂತ ಒಂದಷ್ಟು ವರ್ಷ ಚಿಕ್ಕವಳು, ಮಸಿ ಹಿಡಿದ ಕೈ, ಬೆಂಕಿಯ ಮುಂದೆ ಕೂತು ಕೂತು ಕೆಂಪೇರಿದ ಕೆನ್ನೆ. ನೋಡಿದವರು ಇನ್ನೊಮ್ಮೆ ನೋಡುವ ಹಾಗಿದ್ದಳು ಎಂದು ಬರೆಯುವಾಗ ನನ್ನ ಕೈ ಈಗಲೂ ಚೂರು ತಡೆಯುತ್ತದೆ. ಅವಳು ಪ್ರತಿ ಹುಣ್ಣಿಮೆಯ ಮಾರನೆಯ ದಿನ ಬೆಳಿಗ್ಗೆ, ಮುಂಬಾಗಿಲಿನಿಂದ, ಬೀದಿಯವರೆಲ್ಲ ನೋಡುವ ಹಾಗೆ ನಮ್ಮವರನ್ನು ಕರೆಸಿಕೊಳ್ಳುತ್ತಿದ್ದಳು. ಅವಳ ಮನೆಯ ಸ್ವರದಲ್ಲಿ ಒಂದು ಎಳೆಯಷ್ಟೂ ತಪ್ಪಿರುತ್ತಿರಲಿಲ್ಲ. ಅದು ನನಗೂ ಗೊತ್ತು, ಊರಿಗೂ ಗೊತ್ತು. ಕೆಡದೆ ಇರುವ ಪಿಯಾನೊಗೆ ಶ್ರುತಿಯವನು ಯಾಕೆ?

ಎದುರುಮನೆಯ ದ್ಯಾವಮ್ಮ ಹಪ್ಪಳ ಮಾಡಿ ಮಾರುವವಳು. ಹಪ್ಪಳ ಒಣಗಿಸುತ್ತ ದಿನವಿಡೀ ಬೀದಿಯ ಕಡೆಗೇ ಮುಖ. ಒಂದು ದಿನ ನನ್ನನ್ನು ಕೂಗಿ ಅಂದಳು: "ನಿನ್ನ ಗಂಡನ ಕೈಗುಣ ದೊಡ್ಡದು ಕಣವ್ವಾ ಹೊನ್ನಮ್ಮ. ನಮ್ಮನೆ ತಂತಿ ಅವರು ಮುಟ್ಟಿ ವರ್ಷ ಆಯ್ತು, ಇನ್ನೂ ಅಲ್ಲಾಡಿಲ್ಲ. ಪಾಪ, ಆ ಕಲಾಯಿಯವಳ ಮನೇಲಿ ಮಾತ್ರ ತಿಂಗಳು ತುಂಬೋದ್ರೊಳಗೆ ಸಡಿಲ ಆಗ್ಬಿಡುತ್ತೆ." ನಾನು ನಕ್ಕೆ. ನಕ್ಕು ಒಳಗೆ ಬಂದು ಅವರ ಅಂಗಿಯನ್ನು ಮೂಸಿದೆ. ಕಲಾಯಿ ಹಾಕುವಾಗ ಕಾದ ಪಾತ್ರೆಗೆ ಎರಚುವ ನವಸಾಗರದ ಖಾರವಾದ ಹೊಗೆಯ ವಾಸನೆ ಬಟ್ಟೆಯ ಎಳೆಎಳೆಯಲ್ಲೂ ಕೂತಿತ್ತು. ಅಂದಿನಿಂದ ಹುಣ್ಣಿಮೆಯೆಂದರೆ ನನಗೆ ಎದೆಯುರಿ. ಚಂದ್ರ ತುಂಬುತ್ತ ಬಂದಂತೆ ಊಟ ಸೇರುತ್ತಿರಲಿಲ್ಲ. ಊರ ತಾಯಿಯ ಗುಡಿಗೆ ಹೋಗಿ ಪ್ರದಕ್ಷಿಣೆ ಹಾಕುವೆ. ತಾಯೀ, ಎಲ್ಲರಿಗೂ ಒಳ್ಳೆಯದು ಮಾಡು ಎಂದು ಶುರುಮಾಡಿ, ಬಲಕ್ಕೆ ತಿರುಗುವಷ್ಟರಲ್ಲಿ, ಅವಳೊಬ್ಬಳನ್ನು ಬಿಟ್ಟು ಎಂದು ಸೇರಿಸುತ್ತಿದ್ದೆ. ತಾಯಿ ಕೇಳಿಸಿಕೊಂಡು ಸುಮ್ಮನಿರುತ್ತಿದ್ದಳು. ಅವಳಿಗೆ ಇಂಥವು ದಿನಕ್ಕೆ ಎಷ್ಟು ಬರುತ್ತವೋ.

ಒಂದು ಸಂಜೆ ಮನೆಯ ಸ್ವರ ನುಡಿಸಿ ಕೈಮುಗಿದು ಕೂತಿದ್ದೆ. ಸ್ವರ ಅಡಗುವಾಗ ಅದರ ಬಾಲದಲ್ಲಿ ಒಂದು ಅಲೆ ಎದ್ದಿತು. ಮತ್ತೆ ನುಡಿಸಿದೆ, ಮತ್ತೆ ಎದ್ದಿತು. ನಮ್ಮ ತಂತಿ ವಾಲುತ್ತಿತ್ತು. ಯಾವ ಕಡೆಗೆ ಎಂದು ತಿಳಿಯಲು ನನಗೆ ಯಾರ ಸಹಾಯವೂ ಬೇಕಾಗಿರಲಿಲ್ಲ. ಮಗು ಇಲ್ಲದ ಮನೆ, ಅತ್ತೆ ಮಾವ ಹೋಗಿ ಬಹಳ ವರ್ಷವಾಗಿದೆ. ಇರುವವರು ಇಬ್ಬರೇ, ನಾನು ಮತ್ತು ಅವರು. ನನ್ನ ಮನಸ್ಸು ಮನೆಯಲ್ಲೇ ಇದೆ. ಮನೆ ಬಿಟ್ಟು ನಾನು ಹೋಗುವುದಾದರೂ ಎಲ್ಲಿಗೆ? ಹಾಗಾದರೆ ಕಲಾಯಿ ಮನೆಯ ಕಡೆಗೆ ಹೋಗಿರುವ ಮನಸ್ಸು ಯಾರದು?

ಅವರು ಊಟಕ್ಕೆ ಕೂತಾಗ ಕೇಳಿದೆ. "ಅವಳ ಪಿಯಾನೊಗೆ ಏನಾಗಿದೆ?"

"ಯಾರದು, ಮಂದಾಕಿನಿಯದಾ? ಏನೂ ಆಗಿಲ್ಲ."

"ಏನೂ ಆಗದೇ ಇರೋದಕ್ಕೆ ತಿಂಗಳು ತಿಂಗಳು ಯಾಕೆ ಹೋಗ್ತೀರಿ?"

"ಏನೂ ಆಗಬಾರದು ಅಂತ."

ನನಗೆ ಮೈ ಉರಿಯಿತು. ನಮ್ಮದು ವಾಲಿರುವುದು ಕಿವಿಗೆ ಬಿದ್ದಿಲ್ಲವೇ ಎಂದೆ. ಬಿದ್ದಿದೆ ಎಂದರು. ಯಾವ ಕಡೆಗೆ ಎಂದೆ. ಅವರು ತುತ್ತು ಕೈಯಲ್ಲೇ ಹಿಡಿದು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಮೆಲ್ಲಗೆ, "ಈ ಸಲ ಮೋಡ ಜಾಸ್ತಿ ಕಣೆ" ಅಂದರು.

ಕಟ್ಟಿಕೊಂಡ ಹೆಂಡತಿಗೆ, ಹಿತ್ತಿಲ ಬಾಗಿಲಿಂದ ಕರೆಸಿದವರಿಗೆ ಹೇಳುವ ಮಾತು! ನಾನು ಎದ್ದು ಅಡುಗೆಮನೆಗೆ ಹೋದೆ. ಅವರು ಕೈತೊಳೆದು ಚೀಲ ತೆಗೆದುಕೊಂಡು, "ಬಂದು ಕೂತ್ಕೋ, ಈಗಲೇ ಸರಿಮಾಡಿಬಿಡ್ತೀನಿ, ಇನ್ನೂ ಸ್ವಲ್ಪವೇ ಹೋಗಿದೆ" ಎಂದರು. ವಾಲಿಸಿದ ಕೈಯಲ್ಲೇ ಸರಿಮಾಡಿಸಿಕೊಳ್ಳಬೇಕೇ ನಾನು ಎಂದು ಕೇಳಿದೆ. ಅವರು ಚೀಲವನ್ನು ಮತ್ತೆ ಗೂಟಕ್ಕೆ ನೇತುಹಾಕಿದರು. ಇನ್ನು ಆ ಮನೆಯ ಹೊಸಿಲು ತುಳಿಯುವುದಿಲ್ಲವೆಂದು ತಾಯಿಯ ಮೇಲೆ ಆಣೆ ಇಡಿ ಎಂದು ಹಟ ಹಿಡಿದೆ.

"ಆಣೆ ಯಾಕೆ? ನೀನು ಬೇಡ ಅಂದ್ರೆ ಹೋಗಲ್ಲ" ಅಂದರು. "ಆದ್ರೆ ಹೊನ್ನಿ, ನಾನು ಹೋಗೋದು ಬಿಟ್ಟರೆ ನಮ್ಮದು ಸರಿಹೋಗುತ್ತೆ ಅಂದ್ಕೋಬೇಡ."

ಕಾಲು ಬಿಟ್ಟರೂ ಮನಸ್ಸು ಬಿಡುವುದಿಲ್ಲ ಎನ್ನುತ್ತಿದ್ದಾರೆ ಎಂದೇ ನಾನು ತಿಳಿದೆ. ಮತ್ತೆ ಹೇಗೆ ತಿಳಿಯಲಿ?

ಹುಣ್ಣಿಮೆ ಬಂತು, ಹೋಯಿತು. ಅವರು ಹೋಗಲಿಲ್ಲ. ಮಂದಾಕಿನಿ ತನ್ನಲ್ಲಿಂದ ಪಾತ್ರೆ ತೆಗೆದುಕೊಂಡು ಹೋಗಲು ಬಂದವರ ಕೈಲಿ ಹೇಳಿಕಳಿಸಿದಳು. ಅವರಿಗೆ ಪುರುಸೊತ್ತಿಲ್ಲ ಎಂದು ನಾನೇ ಬಾಗಿಲಲ್ಲಿ ನಿಂತು ಹೇಳಿಕಳಿಸಿದೆ. ಹೇಳುವಾಗ ನಾಲಿಗೆಗೆ ಬೆಲ್ಲ ಮುಟ್ಟಿದ ಹಾಗಿತ್ತು. ಇನ್ನೊಂದು ಹುಣ್ಣಿಮೆಯೂ ಹೋಯಿತು. ನಮ್ಮ ಹಿತ್ತಾಳೆ ಪಾತ್ರೆಗಳ ಕಲಾಯಿ ಸವೆಯುತ್ತ ಬಂದಿತ್ತು, ಅವಳಲ್ಲಿಗೆ ಕಳಿಸುವುದುಂಟೇ? ಎಲ್ಲವನ್ನೂ ಅಟ್ಟಕ್ಕೆ ಹಾಕಿ ಮಣ್ಣಿನ ಮಡಕೆಯಲ್ಲಿ ಅಡುಗೆ ಶುರುಮಾಡಿದೆ. ಸಾರು ಹೊಗೆ ಹಿಡಿಯಿತು, ಅನ್ನ ತಳ ಹಿಡಿಯಿತು. ಅವರು ಅದನ್ನೇ ಉಂಡರು. ಒಲೆಯ ಮುಂದೆ ಕೂತು ಮಡಕೆ ತಿರುವುತ್ತ ನಾನು ಲೆಕ್ಕ ಹಾಕುತ್ತಿದ್ದೆ: ಈಗ ಅವಳು ತಿದಿ ಒತ್ತುತ್ತಿರಬಹುದು, ಈಗ ಬೆವರು ಒರೆಸಿಕೊಂಡಿರಬಹುದು, ಈಗ ಬಾಗಿಲ ಕಡೆ ನೋಡಿರಬಹುದು. ಸಂಜೆ ಅವಳ ಮನೆಯ ಸ್ವರ ಗಾಳಿಯಲ್ಲಿ ಬರುವ ತನಕ ನಾನು ನಮ್ಮ ದೀಪಕ್ಕೆ ಕೂರುತ್ತಿರಲಿಲ್ಲ. ಮೊದಲು ಅವಳದನ್ನು ಕೇಳಿ, ಆಮೇಲೆ ನನ್ನದನ್ನು ನುಡಿಸಿ, ಎಷ್ಟು ವಾಲಿದೆ ಎಂದು ಅಳೆಯುತ್ತಿದ್ದೆ. ದಿನದಿನಕ್ಕೂ ವಾಲುತ್ತಲೇ ಇತ್ತು. ವಾಲಿದಷ್ಟೂ ನನ್ನ ಅನುಮಾನಕ್ಕೆ ಬಲ ಬಂತು.

ಹೊಳೆಯಾಚೆಯ ಊರುಗಳಿಗೆ ಅವರು ವರ್ಷಕ್ಕೊಮ್ಮೆ ಹೋಗುವುದುಂಟು. ಅಲ್ಲಿಯ ಪಿಯಾನೊಗಳು ಬರೀ ಪಿಯಾನೊಗಳು, ಮದುವೆ ಮುಂಜಿಗೆ ನುಡಿಸುವಂಥವು. ಆ ಸಲ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಾಗ ಬಾಗಿಲಲ್ಲಿ ನಿಂತು, "ಬರೋ ತನಕ ಅದನ್ನ ಹೆಚ್ಚು ಕೇಳಬೇಡ, ಒಂದು ಸಲ ನುಡಿಸು, ದೀಪ ಹಚ್ಚು, ಎದ್ದುಬಿಡು" ಎಂದು ಹೇಳಿ ಹೋದರು. ನನಗೆ ಒಳಗೊಳಗೇ ನೆಮ್ಮದಿ. ಈಗ ಅವಳಿಗೂ ಇವರಿಗೂ ನಡುವೆ ಒಂದು ಹೊಳೆಯೇ ಇದೆ. ನಮ್ಮ ತಂತಿ ಇನ್ನು ಮುಂದಕ್ಕೆ ಹೋಗುವುದಿಲ್ಲ. ಯಾಕೆಂದರೆ ಯಾರು ಸೂರಿನಡಿ ಮಲಗುತ್ತಾರೋ ಅವರ ಮನಸ್ಸಿಗಷ್ಟೇ ತಂತಿ ಓಗೊಡುತ್ತದೆ. ಇದು ಎಲ್ಲರಿಗೂ ಗೊತ್ತಿರುವುದೇ. ನಮ್ಮತ್ತೆಗೆ ತಂಗಿಯ ಮನೆಯ ಮೇಲೆ ಯಾವುದೋ ಹಳೆಯ ಮುನಿಸು. ಅವರಿರುವ ತನಕ ನಮ್ಮ ಪಿಯಾನೊ ಆ ಕಡೆಗೆ ಹೋಗುತ್ತಲೇ ಇತ್ತು. ಅವರನ್ನು ಹೊತ್ತುಕೊಂಡು ಹೋದ ದಿನದಿಂದ ತಂತಿ ಇದ್ದಲ್ಲೇ ನಿಂತಿತು, ಕೂದಲಿನಷ್ಟೂ ಮುಂದೆ ಹೋಗಲಿಲ್ಲ. ಅಮ್ಮ ಹೋದದ್ದು ತಂತಿಗೂ ತಿಳಿಯಿತು ಎಂದು ಇವರು ಪಿಯಾನೊದ ಮೇಲೆ ತಲೆಯಿಟ್ಟು ಅತ್ತದ್ದು ನನಗೆ ನೆನಪಿದೆ.

ಅವರು ಹೋದ ಮೊದಲ ಸಂಜೆ ನುಡಿಸಿದೆ. ನಿನ್ನೆಗಿಂತ ವಾಲಿತ್ತು. ಇರಲಿ, ಹಿಂದಿನ ರಭಸ ಅಂದುಕೊಂಡೆ. ಮಾರನೆಯ ಸಂಜೆ ಇನ್ನೂ ವಾಲಿತ್ತು. ಅದರ ಮಾರನೆಯ ದಿನ ಇನ್ನೂ. ಅವರಿದ್ದಾಗ ನಡೆದು ಹೋಗುತ್ತಿದ್ದ ತಂತಿ ಈಗ ಓಡುತ್ತಿತ್ತು. ಇಷ್ಟು ಹತ್ತಿಕೊಂಡಿದ್ದಾಳೆಯೇ ಅವಳು, ಹೊಳೆಯಾಚೆಯಿಂದಲೂ ಎಳೆಯುವಷ್ಟು ಎಂದು ಅವರ ಹಾಸಿಗೆಯನ್ನು ಕಂಬಳಿ ಸಮೇತ ಜಗಲಿಗೆ ಎಸೆದೆ. ಎಸೆದವಳೇ ಹೋಗಿ ತಂದು ಮತ್ತೆ ಹಾಸಿದೆ.

ಒಂದು ಸಂಜೆ ನಾನು ನುಡಿಸಿ ಮುಗಿಸುವಷ್ಟರಲ್ಲಿ ದ್ಯಾವಮ್ಮ ಬಾಗಿಲಿಗೆ ಬಂದಳು. ಕೈಯಲ್ಲಿ ಹಿಟ್ಟು, ಮುಖದಲ್ಲಿ ಅಚ್ಚರಿ. "ಅಲ್ಲ ಕಣೇ, ಕಲಾಯಿ ಮನೆ ಸ್ವರ ಈಗ ಕಲಾಯಿ ಮನೆಗಿಂತ ನಿಮ್ಮನೇಲೇ ಚೆನ್ನಾಗಿ ಬರ್ತಿದೆಯಲ್ಲೆ? ಅವಳದು ಇಳಿದುಹೋಗಿದೆ. ನಾನು ನಿನ್ನ ಸ್ವರಾನ ಅವಳದು ಅಂದ್ಕೊಂಡು ದೀಪ ಹಚ್ಚೋಕೆ ಎದ್ದೆ." ಎಂದೂ ಇಲ್ಲದ ಹಾಗೆ ಅವಳ ಮಾತಿನಲ್ಲಿ ಕೊಂಕಿರಲಿಲ್ಲ. "ಲಿಂಗಣ್ಣ ಊರಲ್ಲಿಲ್ಲ ಅಲ್ವಾ?" ಎಂದು ಒಂದು ಮಾತು ಕೇಳಿ, ನನ್ನ ಮುಖ ನೋಡಿ, ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ದೀಪ ಹಚ್ಚದೆ ಕೂತೆ. ಲಿಂಗಣ್ಣ ಊರಲ್ಲಿಲ್ಲ. ಈ ಸೂರಿನಡಿ ಮಲಗುವವರು ಯಾರು? ನಾನೊಬ್ಬಳು. ಅವಳ ಮನೆಯ ಸ್ವರವನ್ನು ಅವಳಿಗಿಂತ ಅಚ್ಚುಕಟ್ಟಾಗಿ ಎದೆಯಲ್ಲಿ ಇಟ್ಟುಕೊಂಡವರು ಯಾರು? ಮನೆಯಲ್ಲೇ ಇದ್ದೇನೆ, ಎಲ್ಲಿಗೂ ಹೋಗಿಲ್ಲ ಎಂದು ಕೂತಿದ್ದವಳು ತಿಂಗಳುಗಟ್ಟಲೆ ಅವಳ ಕುಲುಮೆಯ ಪಕ್ಕದಲ್ಲೇ ಕೂತಿದ್ದೆನಲ್ಲ. ನಾಚಿಕೆಯಾಯಿತು ಎಂದು ಹೇಳಿದರೆ ಕಥೆಗೆ ಚೆನ್ನಾಗಿರುತ್ತದೆ. ನಿಜವಾಗಿ ಆದದ್ದು ಸಿಟ್ಟು. ಹಾಗಾದರೆ ಅವಳದು ಯಾಕೆ ಇಳಿಯಿತು? ಅವಳ ಮನಸ್ಸೂ ಎಲ್ಲಿಗೋ ಹೋಗಿರಲೇಬೇಕು. ಅವಳದು ನಮ್ಮ ಮನೆಯ ಕಡೆ ವಾಲಿದ್ದರೆ ಸಾಕು, ನಾನು ಪೂರ್ತಿ ಸೋತ ಹಾಗಲ್ಲ.

ಬೆಳಿಗ್ಗೆ ಹೋದೆ. ಮಂದಾಕಿನಿ ಅಂಗಳದಲ್ಲಿ ದೊಡ್ಡ ಹಂಡೆಯೊಂದನ್ನು ಕೆಂಡದ ಮೇಲೆ ಓರೆ ಮಾಡಿಕೊಂಡು ಹತ್ತಿಯಿಂದ ಒಳಗೆಲ್ಲ ತವರ ಸವರುತ್ತಿದ್ದಳು. ಬಿಳಿ ಹೊಗೆಯ ಒಳಗಿಂದ, "ಬನ್ನಿ ಅಕ್ಕ, ಪಾತ್ರೆ ತಂದ್ರಾ?" ಅಂದಳು.

"ಇಲ್ಲ."

"ಹಾಗಾದ್ರೆ ಯಜಮಾನ್ರಿಗೆ ಪುರುಸೊತ್ತು ಸಿಕ್ತಾ?"

ಅದಕ್ಕೆ ಉತ್ತರ ಕೊಡದೆ ನಾನು, ನಿನ್ನ ತಂತಿ ಯಾವ ಕಡೆ ವಾಲಿದೆ ಎಂದು ನೇರವಾಗಿ ಕೇಳಿದೆ. ನಮ್ಮೂರಿನಲ್ಲಿ ಈ ಪ್ರಶ್ನೆಯನ್ನು ಯಾರೂ ಯಾರನ್ನೂ ಕೇಳುವುದಿಲ್ಲ. ಅವಳು ಹಂಡೆ ಕೆಳಗಿಟ್ಟಳು. ಕೋಪ ಮಾಡಿಕೊಳ್ಳುತ್ತಾಳೆ ಅಂದುಕೊಂಡೆ, ನಕ್ಕುಬಿಟ್ಟಳು. ಒಳಗಿದೆ, ನೀವೇ ನುಡಿಸಿ ನೋಡಿ ಎಂದಳು.

ನುಡಿಸಿದೆ. ಈ ಕೊನೆಯಿಂದ ಆ ಕೊನೆಯ ತನಕ ಬಿಳಿ ಪಟ್ಟಿ, ಕರಿ ಪಟ್ಟಿ, ಒಂದನ್ನೂ ಬಿಡದೆ ಒತ್ತಿದೆ. ನಮ್ಮ ಮನೆಯ ಕಡೆ ವಾಲಿರಲಿಲ್ಲ. ಯಾರ ಮನೆಯ ಕಡೆಗೂ ವಾಲಿರಲಿಲ್ಲ. ಬಟ್ಟೆ ಒಣಗಿಸುವ ಹಗ್ಗ ದಿನ ಕಳೆದಂತೆ ಸುಮ್ಮನೆ ಜೋಲುತ್ತದಲ್ಲ, ಹಾಗೆ ಎಲ್ಲ ಸ್ವರಗಳೂ ಒಂದೇ ಸಮನೆ ಚೂರುಚೂರು ಇಳಿದಿದ್ದವು. ಅಂಥದ್ದನ್ನು ನಾನು ಕೇಳಿಯೇ ಇರಲಿಲ್ಲ. ನಮ್ಮಲ್ಲಿ ಯಾರ ತಂತಿಗೂ ಹಾಗೆ ಇಳಿಯುವಷ್ಟು ಪುರುಸೊತ್ತು ಸಿಕ್ಕಿರುವುದಿಲ್ಲ. ಅದಕ್ಕೆ ಮೊದಲೇ ಯಾರದೋ ಮನೆಗೆ ಹೊರಟಿರುತ್ತವೆ.

ಅವಳು ಬಾಗಿಲಿಗೆ ಒರಗಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. "ಎಳೆದು ಕಟ್ಟಿರೋ ತಂತಿ ಅಲ್ವಾ ಅಕ್ಕ, ಸುಮ್ಮನಿದ್ರೂ ಇಳಿಯುತ್ತೆ. ದಿನಾ ಅದರ ಪಕ್ಕದಲ್ಲೇ ಇರೋರಿಗೆ ಗೊತ್ತಾಗಲ್ಲ, ಕಿವಿ ಅದರ ಜೊತೆಗೇ ಇಳಿದುಹೋಗುತ್ತೆ. ಅದಕ್ಕೇ ತಿಂಗಳಿಗೊಮ್ಮೆ ಕರೆಸೋದು. ನನ್ನ ಕೆಲಸಾನೂ ಇದೇ ತಾನೆ? ಜನ ಒಳಗೆ ಹಸಿರು ಕಂಡ ಮೇಲೆ ಪಾತ್ರೆ ತರ್ತಾರೆ. ಅಷ್ಟೊತ್ತಿಗೆ ಎಷ್ಟು ಸಾರು ಹೊಟ್ಟೆಗೆ ಹೋಗಿರುತ್ತೋ."

ಅವರು ಇಲ್ಲಿ ಬಂದು ಏನು ಮಾಡುತ್ತಿದ್ದರು ಎಂದು ಕೇಳಿದೆ. ಅವಳು ಏನನ್ನೂ ಮುಚ್ಚಿಡುವವಳಂತೆ ಕಾಣಲಿಲ್ಲ. ಬರುತ್ತಾರೆ, ಕಿವಿಯಿಟ್ಟು ಕೂರುತ್ತಾರೆ, ಹೆಚ್ಚು ಕೆಲಸವೇನೂ ಇರುವುದಿಲ್ಲ, ಅಲ್ಲೊಂದು ಬಿರಟೆ ಇಲ್ಲೊಂದು ಬಿರಟೆ ಮುಟ್ಟುತ್ತಾರೆ ಎಂದಳು. "ಆಮೇಲೆ ಒಂದಷ್ಟು ಹೊತ್ತು ಕಣ್ಮುಚ್ಚಿ ನುಡಿಸ್ತಾರೆ. ನಾನು ಅಂಗಳದಲ್ಲಿ ತಿದಿ ಒತ್ತುತಾ ಇರ್ತೀನಿ. ಹೋಗುವಾಗ ಹೇಳ್ತಾರೆ: ತಿಂಗಳೆಲ್ಲ ಕೆಟ್ಟಿದ್ದನ್ನೇ ಕೇಳ್ತೀನಮ್ಮ, ಇಲ್ಲೊಂದು ಕಡೆ ಸರಿಯಾಗಿರೋದನ್ನ ಕಿವಿಗೆ ಹಾಕ್ಕೊಂಡು ಹೋಗ್ತೀನಿ ಅಂತ."

ನನ್ನ ಗಂಡನನ್ನು ಅವಳು ಕಿತ್ತುಕೊಂಡಿದ್ದರೆ ಬೈದು ಬರಬಹುದಿತ್ತು. ಅವಳು ಏನನ್ನೂ ಕಿತ್ತುಕೊಂಡಿರಲಿಲ್ಲ. ಅವರು ಇಲ್ಲಿಗೆ ಬರುತ್ತಿದ್ದದ್ದು ಕೆಡದ ಒಂದು ಸ್ವರಕ್ಕೆ. ಈಗ ಅದು ನಮ್ಮ ಮನೆಯಲ್ಲೂ ಸಿಗದ ಹಾಗೆ ಮಾಡಿದವಳು ನಾನು.

"ಅವರು ಬಾರದ ಹಾಗೆ ಮಾಡಿದ್ದು ನಾನೇ. ನನ್ನ ಮೇಲೆ ನಿನಗೆ ಏನೂ ಇಲ್ವಾ?"

"ಗೊತ್ತಿತ್ತು ಅಕ್ಕ. ಒಂದಿನ ಬೈಕೊಂಡೆ. ಆಮೇಲೆ ಮರೆತೋಯ್ತು." ಅವಳು ಹಂಡೆಯ ಕಡೆ ನೋಡಿದಳು. "ಬೆಂಕಿ ಮುಂದೆ ಕೂತು ಬೇರೆಯವರ ಯೋಚನೆ ಮಾಡೋಕಾಗಲ್ಲ. ಕೈ ಸುಡುತ್ತೆ."

ಮರೆತೋಯ್ತು! ನಾನು ಅವಳನ್ನು ಒಲೆಯಲ್ಲಿ, ಗುಡಿಯಲ್ಲಿ, ತಲೆದಿಂಬಿನಲ್ಲಿ ಹೊತ್ತುಕೊಂಡು ತಿರುಗಿದ್ದೆ. ಅವಳಿಗೆ ನಾನು ಒಂದು ದಿನದ ಬೈಗುಳಕ್ಕಷ್ಟೇ ಆದೆ. ದಾರಿಯುದ್ದಕ್ಕೂ ಹೊಟ್ಟೆ ಉರಿಯುತ್ತಲೇ ಇತ್ತು. ಇಷ್ಟು ದಿನ ಅವಳ ಕೆನ್ನೆಯ ಕೆಂಪನ್ನು ಕಂಡು ಉರಿಯುತ್ತಿತ್ತು. ಈಗ ಅವಳ ಮನಸ್ಸು ಮನೆಯಲ್ಲೇ ಕೂತಿರುವುದನ್ನು ಕಂಡು ಉರಿಯಿತು, ಮೊದಲಿಗಿಂತ ಹೆಚ್ಚಾಗಿ. ಗುಡಿಯ ಮುಂದೆ ಹಾದುಹೋಗುವಾಗ ಒಳಗೆ ಹೋಗಲಿಲ್ಲ. ಹೊರಗಿನಿಂದಲೇ ಕೈಮುಗಿದೆ. ಏನು ಬೇಡಬೇಕೆಂದು ತಿಳಿಯಲಿಲ್ಲ, ಅವಳಿಗಿರುವುದು ನನಗೂ ಕೊಡು ಎಂದೆ. ಎಷ್ಟೋ ದಿನದ ಮೇಲೆ ತಾಯಿಗೆ ನಾನು ಹೇಳಿದ ಪೂರ್ತಿ ನಿಜವಾದ ಮಾತು ಅದು.

ನಮ್ಮವರು ಹೊಳೆ ದಾಟಿ ಮಧ್ಯಾಹ್ನದ ಹೊತ್ತಿಗೆ ಮನೆಗೆ ಬಂದರು. ಕಾಲು ತೊಳೆದರು, ನೀರು ಕುಡಿದರು, ಮಡಿಬಟ್ಟೆ ಸರಿಸಿ ಮನೆಯ ಸ್ವರವನ್ನು ಒಂದು ಸಲ ಮುಟ್ಟಿದರು. ಕಲಾಯಿ ಮನೆಯ ಸ್ವರ ಅಚ್ಚೊತ್ತಿದ ಹಾಗೆ ನುಡಿಯಿತು. ಅವರು ತಿರುಗಿ ನೋಡಲಿಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನಿಗೆ ಎಲ್ಲವೂ ಗೊತ್ತಿತ್ತು.

"ವಾಲಿಸಿದ್ದು ನಾನು" ಅಂದೆ.

"ಹೂಂ."

"ನಿಮಗೆ ಮೊದಲ ದಿನವೇ ಗೊತ್ತಿತ್ತು. ಯಾಕೆ ಹೇಳ್ಲಿಲ್ಲ? ಅಷ್ಟೊಂದು ಮಾತು ಅಂದೆನಲ್ಲ."

"ತಂತಿ ಹೇಳಿದ್ದನ್ನ ಯಾವ ಮನೇಲೂ ಹೇಳಬಾರದು ಕಣೆ. ಆ ಮನೆಯವರಿಗೂ ಹೇಳಬಾರದು. ಅವರಿಗೇ ಕೇಳಿಸಬೇಕು. ನಾನು ಹೇಳಿದ್ರೆ ನಿನ್ನ ಕಿವೀಲಿ ಅದು ನನ್ನ ಮಾತಾಗ್ತಿತ್ತು, ಅಷ್ಟೇ. ಗಂಡ ತಪ್ಪಿಸಿಕೊಳ್ಳೋಕೆ ಹೇಳ್ತಾನೆ ಅಂತಿದ್ದೆ. ಅಂತಿರಲಿಲ್ವಾ?"

ಅನ್ನುತ್ತಿದ್ದೆ.

ಇವತ್ತೇ ಪೂರ್ತಿ ಹಿಂದಕ್ಕೆ ತಂದುಬಿಡಿ ಎಂದು ಕೇಳಿದೆ. ಆಗುವುದಿಲ್ಲ ಎಂದರು. ಬಹಳ ದೂರ ಹೋಗಿದೆ. ಒಂದೇ ಸಲಕ್ಕೆ ಎಳೆದರೆ ಒಂದೋ ಹರಿಯುತ್ತದೆ, ಇಲ್ಲವೇ ರಾತ್ರಿ ಕಳೆಯುವಷ್ಟರಲ್ಲಿ ತಿರುಗಿ ಅಲ್ಲಿಗೇ ಹೋಗುತ್ತದೆ. ಇವತ್ತು ಸ್ವಲ್ಪ, ನಾಲ್ಕು ದಿನ ಬಿಟ್ಟು ಸ್ವಲ್ಪ, ಆಮೇಲೆ ತಿಂಗಳು ತಿಂಗಳು ತಪ್ಪದೆ. ಮತ್ತೆ, ಯಾರ ಮನಸ್ಸು ಹೋಗಿದೆಯೋ ಅವರು ಪಕ್ಕದಲ್ಲಿ ಕೂತು ಮರದ ಮೇಲೆ ಕೈಯಿಟ್ಟಿರಬೇಕು. ಉಳಿದ ಮನೆಗಳಲ್ಲಿ ಯಾರೂ ಕೂರುವುದಿಲ್ಲವಂತೆ. ತಲೆನೋವು ಅನ್ನುತ್ತಾರೆ, ಒಲೆಯ ಮೇಲೆ ಹಾಲಿದೆ ಅನ್ನುತ್ತಾರೆ. ಅದಕ್ಕೇ ವರ್ಷ ತಿರುಗುವಷ್ಟರಲ್ಲಿ ಮತ್ತೆ ಕರೆ ಬರುತ್ತದೆ.

ನಾನು ಕೂತೆ. ಮುಚ್ಚಳ ತೆಗೆದು ಉಣ್ಣೆಯ ತುಂಡುಗಳನ್ನು ಸಿಕ್ಕಿಸಿದರು. ಹಿಡಿಯನ್ನು ಬಿರಟೆಗೆ ಹಾಕಿ, ತಿರುಗಿಸಿದರೋ ಇಲ್ಲವೋ ಎನ್ನುವಷ್ಟು ತಿರುಗಿಸಿ, ಪಟ್ಟಿ ಒತ್ತಿ, ಕಾದರು. ಮತ್ತೆ ಅಷ್ಟೇ. ನನ್ನ ಅಂಗೈಯಡಿ ಮರ ನಡುಗುತ್ತಿತ್ತು. ಮೊದಮೊದಲು ಅಲೆ ದಡಬಡ ಎನ್ನುತ್ತಿತ್ತು. ನಾನು ಮನೆಯನ್ನು ನೆನೆಯಲು ಶುರುಮಾಡಿದೆ: ನಮ್ಮ ಒಲೆ, ನಮ್ಮ ತುಳಸಿ, ಅತ್ತೆಯ ಊರುಗೋಲು ಒರಗಿಸುತ್ತಿದ್ದ ಮೂಲೆ, ಇವರ ಸೀಳಿದ ಬೆರಳು. ಅಲೆ ನಿಧಾನವಾಯಿತು. ಮಧ್ಯೆ ಎಲ್ಲೋ, ಈಗವಳು ಹಂಡೆ ಮುಗಿಸಿರಬಹುದು ಎಂಬ ಯೋಚನೆ ಸುಳಿಯಿತು. ಕೂಡಲೇ ತಂತಿ ಕೊಸರಿತು. ಅವರು ಹಿಡಿ ಬಿಡದೆ ಕಾದರು. ನಾನು ಕುಲುಮೆಯ ಪಕ್ಕದಿಂದ ಎದ್ದು, ಅಷ್ಟು ದಾರಿಯನ್ನೂ ನಡೆದು, ನಮ್ಮ ಹೊಸಿಲು ದಾಟಿ ಒಳಗೆ ಬಂದೆ. ತಂತಿ ನಿಂತಿತು. ಮಧ್ಯಾಹ್ನವೆಲ್ಲ ಹೀಗೆ ಹೋಗಿಬರುವುದರಲ್ಲೇ ಕಳೆಯಿತು. ಬಿಸಿಲು ಜಗಲಿಯಿಂದ ಇಳಿಯುವ ಹೊತ್ತಿಗೆ ಒಂದು ಸ್ವರದ ಮೂರು ತಂತಿಗಳು ಅಲೆಯಿಲ್ಲದೆ ಕೂಡಿದವು. ಅದು ಇನ್ನೂ ನಮ್ಮ ಮನೆಯ ಸ್ವರವಾಗಿರಲಿಲ್ಲ, ಆದರೆ ಕಲಾಯಿ ಮನೆಯದೂ ಆಗಿರಲಿಲ್ಲ. ದಾರಿಯಲ್ಲಿತ್ತು. ಇವರು ಹಿಡಿಯನ್ನು ಚೀಲಕ್ಕೆ ಹಾಕಿ, ಕಣ್ಮುಚ್ಚಿ ಅದನ್ನು ಇನ್ನೊಮ್ಮೆ ನುಡಿಸಿದರು. ಕಣ್ಮುಚ್ಚಿದ ಆ ಮುಖವನ್ನು ಇಷ್ಟು ವರ್ಷ ಬೇರೆ ಮನೆಗಳೇ ನೋಡಿದ್ದವು.

ಮಂದಾಕಿನಿಯ ಮನೆಗೆ ಹೋಗಿ ಬನ್ನಿ, ಅವಳದು ಇಳಿದಿದೆ ಎಂದೆ. ಕಷ್ಟಪಟ್ಟೇ ಎಂದೆ. ಈ ತಿಂಗಳಿಂದ ಮತ್ತೆ ಹೋಗುತ್ತೇನೆ ಎಂದರು.

"ನಮ್ಮದಕ್ಕೂ ತಿಂಗಳಲ್ಲಿ ಒಂದು ದಿನ ಗೊತ್ತು ಮಾಡ್ಕೊಂಡ್ಬಿಡೋಣ" ಅಂದರು ಇವರು, ಪಟ್ಟಿಯನ್ನು ಮತ್ತೊಮ್ಮೆ ಒತ್ತಿ ಹಿಡಿದು. ಸ್ವರ ನೆಟ್ಟಗೆ ಹರಿಯುತ್ತಿತ್ತು. "ಯಾವ ದಿನ ಇಟ್ಕೊಳ್ಳೋಣ ಹೇಳು."

"ಅವಳ ಮನೆಗೆ ಹುಣ್ಣಿಮೆ ಮಾರನೇ ದಿನ ತಾನೆ?"

"ಹೌದು."

"ಹಾಗಾದ್ರೆ ನಮ್ಮದು ಹುಣ್ಣಿಮೆ ದಿನವೇ. ಅವಳಿಗಿಂತ ಮೊದಲು."

ಮಾತು ಮುಗಿಯುವಷ್ಟರಲ್ಲಿ ಅವರ ಬೆರಳಿನಡಿಯ ಸ್ವರ ಒಮ್ಮೆ ಅಲುಗಿತು, ಅದರೊಳಗೆ ಮೆಲ್ಲಗೆ ಒಂದು ಅಲೆ ಎದ್ದಿತು. ನಮ್ಮಿಬ್ಬರಿಗೂ ಕೇಳಿಸಿತು. ಅವರು ನಗಲಿಲ್ಲ, ಬೈಯಲಿಲ್ಲ. ಚೀಲಕ್ಕೆ ಹಾಕಿದ್ದ ಹಿಡಿಯನ್ನು ಮತ್ತೆ ತೆಗೆದು ಬಿರಟೆಗೆ ಸಿಕ್ಕಿಸಿ, ಕಲಾಯಿ ಮನೆಯಿಂದ ನಾನು ಬರುವುದನ್ನೇ ಕಾಯುತ್ತ ಕೂತರು.